ಸ್ಪೀಕರ್ ಕೊಡುವುದಿಲ್ಲ ಎಂದು ಹೇಳುವುದು ಹೇಗೆ

ಚಿಂತೆ ಮಾಡಲು ಕಾರಣ ಬೇಕೆಂದು ತಿಳಿದವರು ಚಿಂತೆಯ ವಿಷಯದಲ್ಲಿ ಇನ್ನೂ ಹೊಸಬರು. ನನ್ನಂಥ ನುರಿತವನಿಗೆ ಮೊದಲು ಚಿಂತೆ ಬರುತ್ತದೆ, ಕಾರಣ ಆಮೇಲಿನ ಬಸ್ಸಿಗೆ ಬರುತ್ತದೆ. ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಎದೆ ಹಾರುತ್ತದೆ. ಬಾರದಿದ್ದರೆ ಎಲ್ಲರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ. ಕಾಲೇಜಿನಲ್ಲಿ ಭೂಗೋಳ ಕಲಿಸುವವನಾದ್ದರಿಂದ ಭೂಕಂಪ, ಜ್ವಾಲಾಮುಖಿಗಳ ಬಗೆಗೂ ಅಧಿಕೃತವಾಗಿಯೇ ಚಿಂತಿಸುತ್ತೇನೆ. ಕಲಘಟಗಿಯಲ್ಲಿ ಜ್ವಾಲಾಮುಖಿ ಇಲ್ಲ ಎಂಬುದು ನನಗೆ ಅಂಥ ಸಮಾಧಾನವನ್ನೇನೂ ಕೊಟ್ಟಿಲ್ಲ. ಇಂಥ ಮನುಷ್ಯ ಮನೆಗೆ ಒಂದು ಜೋಡಿ ಮೇಲುದರ್ಜೆಯ ಸ್ಪೀಕರ್ ತಂದುಕೊಳ್ಳಬಾರದು. ನಾನು ತಂದುಕೊಂಡೆ.

ಇವುಗಳ ಜಾತಿಗೆ ಬುಕ್‌ಶೆಲ್ಫ್ ಸ್ಪೀಕರ್ ಎನ್ನುತ್ತಾರೆ. ಒಂದೂವರೆ ಗೇಣು ಎತ್ತರ, ನುಣುಪು ಮರದ ಮೈ, ಮುಂದೆ ಒಂದು ದೊಡ್ಡ ಕಣ್ಣು, ಅದರ ಮೇಲೊಂದು ಸಣ್ಣ ಕಣ್ಣು, ಬೆನ್ನಿನಲ್ಲಿ ಒಂದು ತೂತು. ಬೆಲೆಯ ಮಾತು ಇಲ್ಲಿ ಬೇಡ. ಮನೆಯಲ್ಲೂ ಅದೇ ನಿಯಮ. ಹೆಸರು ಕೇಳಿದ ಹೆಂಡತಿ ಗಿರಿಜಾ ಅವನ್ನು ಎತ್ತಿಕೊಂಡು ಹೋಗಿ ಪುಸ್ತಕದ ಕಪಾಟಿನಲ್ಲೇ ಇಟ್ಟಿದ್ದಳು. ಹಾಗಲ್ಲ, ಇವನ್ನು ಗೋಡೆಯಿಂದ ದೂರ, ಕುರ್ಚಿಯಲ್ಲಿ ಕೂತವನ ಕಿವಿಯ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಬೇಕು, ಇವೆರಡೂ ಕೂತವನ ತಲೆಯೂ ಸೇರಿ ಒಂದು ತ್ರಿಕೋನ ಆಗಬೇಕು ಎಂದು ವಿವರಿಸಿದೆ. ಹಾಗಾದರೆ ಒಬ್ಬರಿಗೇ ಕೇಳಿಸುತ್ತದೆಯೇ ಎಂದಳು. ಎಲ್ಲರಿಗೂ ಕೇಳಿಸುತ್ತದೆ, ಒಬ್ಬರಿಗೆ ಸರಿಯಾಗಿ ಕೇಳಿಸುತ್ತದೆ ಎಂದೆ. ಆ ಒಬ್ಬರು ಯಾರೆಂದು ಅವಳು ಕೇಳಲಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಎರಡು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಅಲುಗಾಡದಂತೆ ಅವುಗಳ ಕಾಲಿನೊಳಗೆ ಮರಳು ತುಂಬಿಸಿ, ಕಪ್ಪು ಬಣ್ಣ ಹೊಡೆಸಿ ಪಡಸಾಲೆಯಲ್ಲಿ ನಿಲ್ಲಿಸಿದೆ. ಕುರ್ಚಿಯ ಜಾಗಕ್ಕೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗುರುತು ಮಾಡಿದೆ. ಗಿರಿಜಾ ನೆಲ ಒರೆಸುವಾಗ ಅದನ್ನೂ ಒರೆಸುತ್ತಾಳೆ, ನಾನು ಮತ್ತೆ ಗುರುತು ಹಾಕುತ್ತೇನೆ. ನಮ್ಮ ದಾಂಪತ್ಯದಲ್ಲಿ ಮಾತಿಲ್ಲದೆ ನಡೆಯುವ ವಾದಗಳಲ್ಲಿ ಇದೂ ಒಂದು. ಗೋಡೆಗೆ ಸದ್ದು ಬಡಿದು ವಾಪಸು ಬರಬಾರದೆಂದು ಅವಳ ತವರಿನ ನವಲಗುಂದದ ಜಮಖಾನವನ್ನು ಗೋಡೆಗೆ ಕಟ್ಟಿದೆ. ಅತ್ತೆ ಬಂದವರು ಅದನ್ನು ನೋಡಿ, ಮಗಳನ್ನು ಒಳಗೆ ಕರೆದು, ಜಮಖಾನವನ್ನು ಮನೆಯೊಳಗೇ ಯಾಕೆ ಒಣಹಾಕಿದ್ದೀರಿ ಎಂದು ವಿಚಾರಿಸಿದರಂತೆ.

ಬೆನ್ನಿನ ತೂತಿನದು ಬೇರೆಯೇ ಕಥೆ. ಹಾಡಿನ ಗಂಭೀರವಾದ ತಳದ ಸ್ವರ ಬರುವುದು ಅಲ್ಲಿಂದ. ನನಗೆ ಮಾತ್ರ ಅಲ್ಲಿಂದ ಹಲ್ಲಿ ಒಳಗೆ ಹೋಗುವುದೇ ಕಾಣುತ್ತಿತ್ತು. ಈ ಭಯವನ್ನು ದಿನವೂ ಊಟದ ಹೊತ್ತಿಗೆ ಹೇಳಿಕೊಳ್ಳುತ್ತಿದ್ದೆ. ಕೆಲವು ದಿನಗಳಲ್ಲಿ ತಬಲಾ ತೆಳ್ಳಗಾಯಿತು. ಮೃದಂಗ ತಗಡಿನ ಡಬ್ಬಿಯಾಯಿತು. ವಯಸ್ಸಾಯಿತು, ಕಿವಿ ಹೋಯಿತು ಎಂದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿ ಕಿವಿ ಡಾಕ್ಟರರಿಗೆ ತೋರಿಸಿದೆ. ಕಿವಿ ಗಟ್ಟಿಮುಟ್ಟಾಗಿದೆ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದರು. ಮನೆಗೆ ಬಂದು ಧೂಳು ಒರೆಸಲು ಸ್ಪೀಕರ್ ತಿರುಗಿಸಿದರೆ ಎರಡರ ತೂತಿನಲ್ಲೂ ನನ್ನ ಹಳೆಯ ಕಾಲುಚೀಲಗಳು. ಹಲ್ಲಿ ಹಲ್ಲಿ ಎಂದು ನೀವೇ ಜೀವ ತಿಂದಿರಿ, ಅದಕ್ಕೇ ತುರುಕಿದೆ ಎಂದು ಗಿರಿಜಾ ಹೇಳಿದಳು. ಮಹಾನವಮಿಯ ಖಂಡೇಪೂಜೆಯಲ್ಲಿ ಅವಳು ಬೈಕು, ಮಿಕ್ಸರ್ ಎಲ್ಲಕ್ಕೂ ವಿಭೂತಿ ಹಚ್ಚುತ್ತ ಬಂದು, ಬಲಗಡೆಯ ಸ್ಪೀಕರಿನ ದೊಡ್ಡ ಕಣ್ಣಿನ ಮೇಲೆ, ಆ ತೆಳು ಪೊರೆಯ ಮೇಲೆ, ಒದ್ದೆಯ ಮೂರು ಬೆರಳು ಎಳೆದೇಬಿಟ್ಟಳು. ನಾನು ನಡುವೆ ಬಿದ್ದು ಎಡಗಡೆಯದನ್ನು ಉಳಿಸಿಕೊಂಡೆ. ಅಂದಿನಿಂದ ವಚನ ಹಾಕಿದಾಗ ಬಲಗಡೆಯಿಂದ ಭಕ್ತಿ ತುಸು ಹೆಚ್ಚು ಕೇಳುತ್ತದೆಂದು ನನ್ನ ಗುಮಾನಿ.

ಆದರೆ ಇವೆಲ್ಲ ಸಣ್ಣ ಚಿಂತೆಗಳು. ದೊಡ್ಡದು ನಮ್ಮ ಓಣಿಯ ಪದ್ಧತಿಯಿಂದ ಬಂದದ್ದು. ನಮ್ಮಲ್ಲಿ ಒಂದು ಸಾಮಾನು ಒಬ್ಬರ ಮನೆಗೆ ಬಂತೆಂದರೆ ಅದು ಓಣಿಗೇ ಬಂದಂತೆ. ನಮ್ಮ ಏಣಿ ನಮ್ಮ ಮನೆಯಲ್ಲಿ ನಿಂತದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಯಾರ ಮನೆಯಲ್ಲಿ ಕಾರ್ಯಕ್ರಮವಾದರೂ ದೊಡ್ಡ ಬೋಗುಣಿ ಒಂದು ಮನೆಯಿಂದ, ಮಂಚ ಇನ್ನೊಂದು ಮನೆಯಿಂದ, ಕುರ್ಚಿಗಳು ಎಲ್ಲ ಮನೆಗಳಿಂದ ಹೊರಡುತ್ತವೆ. ಕೇಳುವವರು ಸಂಕೋಚಪಡುವುದಿಲ್ಲ, ಕೊಡುವವರು ಯೋಚಿಸುವುದಿಲ್ಲ. ಯೋಚಿಸಿದರೆ ಅದೇ ಸುದ್ದಿಯಾಗುತ್ತದೆ. ನಾನೂ ಎಲ್ಲರಿಂದ ಎಲ್ಲವನ್ನೂ ತಂದವನೇ. ಹೀಗಿರುವಾಗ, ಸರ್ ಮನೆಗೆ ಸ್ಪೀಕರ್ ಬಂದಿವೆ ಎಂಬುದು ಅವು ಬಂದ ದಿನವೇ ಓಣಿಗೆಲ್ಲ ಗೊತ್ತಾಗಿದ್ದರಿಂದ, ಒಂದಲ್ಲ ಒಂದು ದಿನ ಯಾರೋ ಬಂದು ಒಂದು ದಿನದ ಮಟ್ಟಿಗೆ ಕೊಡ್ರಿ ಎನ್ನುತ್ತಾರೆ, ಅವು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಯಾವುದೋ ಪೆಂಡಾಲಿಗೆ ಹೋಗುತ್ತವೆ, ಅಲ್ಲಿ ಯಾರೋ ಸದ್ದು ಸಾಲದೆಂದು ಗುಂಡಿಯನ್ನು ಪೂರಾ ತಿರುಗಿಸುತ್ತಾರೆ, ಸುಟ್ಟ ವಾಸನೆಯೊಂದಿಗೆ ಸಂಜೆ ಮನೆಗೆ ಮರಳುತ್ತವೆ. ಈ ಚಿತ್ರ ನನ್ನ ಕಣ್ಣೆದುರು ಎಷ್ಟು ಸ್ಪಷ್ಟವಾಗಿತ್ತೆಂದರೆ ಆ ಪೆಂಡಾಲಿನ ಬಣ್ಣವನ್ನೂ ಹೇಳಬಲ್ಲವನಾಗಿದ್ದೆ.

ಕೊಟ್ಟರೆ ಸ್ಪೀಕರ್ ಹೋಗುತ್ತವೆ. ಕೊಡದಿದ್ದರೆ ಓಣಿಯೇ ಹೋಗುತ್ತದೆ. ಹಾಗಾಗಿ ಇಲ್ಲ ಎನ್ನದೆಯೇ ಇಲ್ಲ ಎನ್ನುವ ಮಾತನ್ನು ಹುಡುಕತೊಡಗಿದೆ. ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಯ ಮುಂದೆ ಪ್ರಯೋಗ ಮಾಡಿದೆ. ಬಯಲಿನ ಗಾಳಿ ಇವಕ್ಕೆ ಆಗಿಬರುವುದಿಲ್ಲ ಎಂದರೆ ದಮ್ಮಿನ ರೋಗಿಯ ವಿಷಯ ಹೇಳಿದಂತಾಯಿತು. ರಿಪೇರಿಗೆ ಬಂದಿವೆ ಎನ್ನೋಣವೆಂದರೆ ಸಂಜೆ ಹಾಡು ಹಚ್ಚುವಂತಿಲ್ಲ. ಬೈಕಿನ ಮೇಲೆ ಕಾಲೇಜಿಗೆ ಹೋಗುವಾಗಲೂ ತುಟಿ ಆಡುತ್ತಿತ್ತು. ಜಪ ಶುರು ಮಾಡಿದ್ದೀರಾ ಎಂದು ಸಹೋದ್ಯೋಗಿಯೊಬ್ಬರು ಗೌರವದಿಂದ ಕೇಳಿದರು. ಗಿರಿಜಾ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಯಾರರ ಬಂದು ಕೇಳ್ಯಾರೇನ್ರಿ ನಿಮಗ? ಬರಲಾರದವರಿಗೆ ಇಲ್ಲ ಅನ್ನೂದು ಕಲಿಯಾಕ ಹತ್ತೀರಲ್ಲ." ಕೇಳಿದ ಮೇಲೆ ಕಲಿಯಲು ಸಮಯ ಎಲ್ಲಿರುತ್ತದೆ ಎಂದೆ. ಅವಳು ರೊಟ್ಟಿಗೆ ಮರಳಿದಳು. ಬಡಿತ ಮೊದಲಿಗಿಂತ ಜೋರಾಗಿತ್ತು.

ಆ ಹೊತ್ತಿಗೆ ನಮ್ಮ ಬಾಜೂ ಮನೆಯ ಶಂಕ್ರಪ್ಪ ಕಾಕಾ ಅವರ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಕಾಕಾ ಬಮ್ಮಿಗಟ್ಟಿ ಕಡೆ ಹೊಲ ಇರುವವರು, ಭತ್ತ, ಕಬ್ಬು ಬೆಳೆಯುವವರು. ನಮ್ಮ ನೀರಿನ ಮೋಟಾರು ಸುಟ್ಟಾಗ ತಿಂಗಳುಗಟ್ಟಲೆ ತಮ್ಮ ಪೈಪನ್ನೇ ಗೋಡೆಯ ಮೇಲಿಂದ ನಮ್ಮ ಕಡೆ ಇಳಿಬಿಟ್ಟಿದ್ದವರು. ಅವರಿಗೆ ಇಲ್ಲ ಎನ್ನುವುದು ನನಗೆ ಬಾಯಿಂದಾಗುವ ಕೆಲಸವಲ್ಲ. ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಸಕ್ಕರೆ ಬಂತು, ತಿಂದೆ, ಆನಂದಪಟ್ಟೆ, ಮರುಕ್ಷಣವೇ ಲೆಕ್ಕ ಹಾಕತೊಡಗಿದೆ. ಕೂಸು ಎಂದರೆ ಹೆಸರಿಡುವುದು. ಹೆಸರಿಡುವುದು ಎಂದರೆ ಪೆಂಡಾಲು. ಪೆಂಡಾಲು ಎಂದರೆ ಸ್ಪೀಕರ್. ಬಣ್ಣ ಬರೆದ ತೊಟ್ಟಿಲು ಬಂತು. ಕಾಕಾ ನಮ್ಮ ಬಾಗಿಲಿನ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಕಣ್ಣು ಹಾಯಿಸುವುದು ಹೆಚ್ಚಾಯಿತು. ಒಮ್ಮೆ ಅಂಗಳದಲ್ಲೇ ನಿಂತು ಕಣ್ಣು ಕಿರಿದು ಮಾಡಿ, ಗೇಣು ಹಾಕಿದಂತೆ ಗಾಳಿಯಲ್ಲಿ ಕೈ ಆಡಿಸಿ ಸ್ಪೀಕರಿನ ಕಡೆಯೇ ಏನೋ ಅಳೆದರು. ನಾನು ಒಳಗೆ ಹೋಗಿ ನೀರು ಕುಡಿದೆ.

ಒಂದು ಸಂಜೆ ಬಂದೇ ಬಂದರು. ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಆ ತ್ರಿಕೋನದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಕೂತರು. ಮಳೆ, ಕಬ್ಬು, ಮಗಳ ಬೀಗರು ಎಲ್ಲ ಮುಗಿಯಿತು. ಗಿರಿಜಾ ಚಹಾ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಇಷ್ಟು ದಿನ ಕಲಿತ ಪಾಠ ಒಪ್ಪಿಸುವುದನ್ನು ನೋಡಲು ನಿಂತ ಹಾಗಿತ್ತು.

"ಸರ, ನಿಮ್ಮ ಕಡಿಂದ ಒಂದ ಕೆಲಸ ಆಗಬೇಕಾಗೇತ್ರಿ," ಎಂದರು ಕಾಕಾ.

"ಹೇಳ್ರಿ ಕಾಕಾ," ಎಂದೆ. ಧ್ವನಿಯಲ್ಲಿ ತಳದ ಸ್ವರ ಇರಲಿಲ್ಲ.

"ಹೂಂ ಅನ್ನಬೇಕ ನೋಡ್ರಿ ಮತ್ತ."

ಬಯಲಿನ ಗಾಳಿಯಿಂದ ಶುರುಮಾಡಿದೆ. ತೇವ, ಧೂಳು, ಕಂಪನಿಯವರ ಎಚ್ಚರಿಕೆ, ಒಳಗಿನ ತಂತಿಗಳ ನಾಜೂಕು ಎಲ್ಲ ಒಂದರ ಮೇಲೊಂದು ಬಂದವು, ಆದರೆ ಕನ್ನಡಿಯ ಮುಂದೆ ಇದ್ದ ಕ್ರಮದಲ್ಲಿ ಅಲ್ಲ. ಕಾಕಾ ಸಮಾಧಾನದಿಂದ ಚಹಾ ಮುಗಿಸುವವರೆಗೂ ಕೇಳಿ, ಕಪ್ಪು ಕೆಳಗಿಟ್ಟರು.

"ಅವು ಬ್ಯಾಡ್ರಿ. ಅವನ್ನ ತಗದ ಕೆಳಗ ಇಡ್ರಿ. ಅವುಗಳ ಬುಡಕ ಅದಾವಲ್ಲ ಸ್ಟ್ಯಾಂಡ್, ಅವೆರಡು ಕೊಡ್ರಿ. ತೊಟ್ಟಲದ ಎರಡೂ ಬಾಜು ಹಿತ್ತಾಳಿ ಕೊಡ ಇಟ್ಟ ಹೂವಿನ ಅಲಂಕಾರ ಮಾಡಾಕ ಅಗದಿ ಬರೋಬ್ಬರಿ ಎತ್ತರ ಅದಾವು."

ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಎಷ್ಟು ಬೇಗ ಹೂಂ ಅಂದೆನೆಂದರೆ ಕಾಕಾ ಅವರಿಗೇ ಆಶ್ಚರ್ಯವಾಯಿತು. ಸ್ಪೀಕರ್‌ಗಳನ್ನು ಇಳಿಸಿ ಹಿಟ್ಟಿನ ಡಬ್ಬಿಗಳ ಮೇಲೆ ಕೂರಿಸಿ, ಮರಳು ತುಂಬಿದ ಆ ಭಾರದ ಸ್ಟ್ಯಾಂಡುಗಳನ್ನು ಒಂದು ಕಡೆ ನಾನೇ ಹಿಡಿದು ಅವರ ಮನೆ ಮುಟ್ಟಿಸಿದೆ. ಆ ದಿನ ಹೊಟ್ಟೆ ತುಂಬ ಉಂಡೆ. ಎಲ್ಲ ತಪ್ಪಿತಲ್ಲ ಎಂಬ ನಿರಾಳ ಮರುದಿನ ಬೆಳಿಗ್ಗೆಯವರೆಗೂ ಇತ್ತು. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಇದ್ದಕ್ಕಿದ್ದಂತೆ ಹೊಳೆಯಿತು: ಯಾಕೆ ಬೇಡ ಅಂದರು?

ಹೆಸರಿಡುವ ದಿನ ಅವರ ಬಾಗಿಲಿನ ಎರಡೂ ಕಡೆ ಬಾಡಿಗೆಯ ಕರಿಯ ಪೆಟ್ಟಿಗೆಗಳು ನಿಂತಿದ್ದವು, ಒಂದೊಂದೂ ನನಗಿಂತ ಎತ್ತರ. ಅವು ಬಾಯಿ ತೆರೆದಾಗ ನಮ್ಮ ಅಡುಗೆಮನೆಯ ತಾಟುಗಳು ತಾಳ ಹಾಕಿದವು. ಹಾಡು ಯಾವುದೆಂದು ಗೊತ್ತಾಗುತ್ತಿರಲಿಲ್ಲ, ಹಾಡು ನಡೆದಿದೆ ಎಂಬುದು ಮಾತ್ರ ಎದೆಗೇ ತಿಳಿಯುತ್ತಿತ್ತು. ಜನ ಖುಷಿಯಾಗಿದ್ದರು. ತೊಟ್ಟಿಲಿನ ಅಕ್ಕಪಕ್ಕ ನನ್ನ ಸ್ಟ್ಯಾಂಡುಗಳು ಕೊಡ ಹೊತ್ತು, ಸೇವಂತಿಗೆ ಮುಡಿದು ನಿಂತಿದ್ದವು. ಹೆಂಗಸರು ಅವನ್ನು ಮುಟ್ಟಿ ಮುಟ್ಟಿ ನೋಡಿ ಎಲ್ಲಿ ಮಾಡಿಸಿದ್ದೆಂದು ವಿಚಾರಿಸುತ್ತಿದ್ದರು. ಕೂಸು ಆ ಗದ್ದಲದಲ್ಲೂ ನಿದ್ದೆ ಮಾಡುತ್ತಿತ್ತು. ಅದರ ಶಾಂತಿ ನನಗಿರಲಿಲ್ಲ. ಊಟದ ಪಂಕ್ತಿಯಲ್ಲಿ ಕಾಕಾ ತುಪ್ಪ ಬಡಿಸುತ್ತ ನನ್ನ ಮುಂದೆ ಬಂದಾಗ ತಡೆಯಲಾಗಲಿಲ್ಲ. ಬೇಕಾದರೆ ನಮ್ಮವನ್ನು ತಂದು ಹಚ್ಚೋಣ, ಸದ್ದು ಇಷ್ಟಿರುವುದಿಲ್ಲ, ಆದರೆ ಹಾಡಿನ ಒಂದೊಂದು ಅಕ್ಷರವೂ ಕೇಳುತ್ತದೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಕಾಕಾ ನನ್ನ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿ, ಬಗ್ಗಿ, ಪ್ರೀತಿಯಿಂದ ಅಂದರು: "ಬ್ಯಾಡ ಬಿಡ್ರಿ ಸರ. ಅವು ಮನ್ಯಾಗ ಬೆಳದ ಜೀವ. ಇಷ್ಟ ಮಂದ್ಯಾಗ ಅವಕ್ಕ ತ್ರಾಸ ಆಗತೈತಿ."

ಇದಾದ ಮೇಲೆ ನನ್ನ ಸ್ಟ್ಯಾಂಡುಗಳು ಓಣಿಯ ಸ್ಟ್ಯಾಂಡುಗಳಾದವು. ಅವು ಒಂದು ಮನೆಯಿಂದ ಬಂದು ಇನ್ನೊಂದಕ್ಕೆ ಹೊರಡುತ್ತಲೇ ಇರುವುದರಿಂದ ಸ್ಪೀಕರ್‌ಗಳು ಹಿಟ್ಟಿನ ಡಬ್ಬಿಗಳ ಮೇಲೆಯೇ ಇವೆ. ಹಾಗಿಟ್ಟರೆ ಹಾಡು ಕೆಡುತ್ತದೆಂದು ನಾನು ಓದಿದ್ದೇನೆ, ಆದರೆ ಕೆಟ್ಟಿದೆಯೋ ಇಲ್ಲವೋ ನನ್ನ ಗಟ್ಟಿಮುಟ್ಟಾದ ಕಿವಿಗೆ ಇನ್ನೂ ಗೊತ್ತಾಗಿಲ್ಲ, ಈ ಮಾತು ಗಿರಿಜಾಳ ತನಕ ಹೋಗುವುದು ಬೇಡ. ಮೊನ್ನೆ ಕಾಕಾ ಮತ್ತೆ ಬಂದರು. ಅವರ ತಂಗಿಯ ಬಸುರಿ ಸೊಸೆಗೆ ಕುಬುಸ ಮಾಡುವ ಕಾರ್ಯಕ್ರಮವಂತೆ, ಸ್ಟ್ಯಾಂಡು ಬೇಕಂತೆ. ನಾನು ಈ ಸಲ ಗಟ್ಟಿ ಮನಸ್ಸು ಮಾಡಿದೆ. ಸ್ಟ್ಯಾಂಡನ್ನು ಬಿಡಿಯಾಗಿ ಕೊಡುವುದಿಲ್ಲ, ಒಯ್ಯುವುದಾದರೆ ಸ್ಪೀಕರ್ ಸಮೇತ ಒಯ್ಯಬೇಕು ಎಂದೆ. ಕಾಕಾ ಗಡ್ಡ ಕೆರೆದುಕೊಂಡು ಹಿಟ್ಟಿನ ಡಬ್ಬಿಗಳ ಮೇಲಿನ ಸ್ಪೀಕರ್‌ಗಳ ಕಡೆ ನೋಡಿದರು. ಒಬ್ಬ ಮನುಷ್ಯನ ಕಷ್ಟ ಅರ್ಥವಾದ ಕಳೆ ಅವರ ಮುಖದ ಮೇಲೆ ಮೂಡಿತು.

"ನಿಮಗ ಇಡಾಕ ಜಾಗಾ ಸಾಲವಲ್ದು ಅಂದ್ರ ಅವನ್ನೂ ಕಳಸ್ರಿ ಸರ. ಒಳಗ ಕ್ವಾಣ್ಯಾಗ ಒಂದ ಕಡೆ ಇಟ್ಟಿರ್ತೇವಿ, ಯಾರೂ ಮುಟ್ಟೂದಿಲ್ಲ."

ಕಳಿಸುತ್ತೇನೆ ಎಂದೆ. ಕಾರ್ಯಕ್ರಮಕ್ಕೆ ಹೋಗಿ ಬಂದವು ಎಂದಾದರೂ ಹೇಳಿಕೊಳ್ಳಬಹುದಲ್ಲ.