ಆಕಾಶಕ್ಕೆ ಎರಡು ಎ

ನನ್ನ ಹೆಂಡತಿ ‘ಬಿಳಿ ಟೋಪಿ’ಯವರ ತರಬೇತಿಗೆ ಸೇರುತ್ತೇನೆ ಎಂದಾಗ ನಾನು ನೆಟ್ಟಗೆ ಅಂಗಡಿಗೆ ಹೋಗಿ ಅವಳಿಗೊಂದು ಬಿಳಿ ಟೋಪಿ ಕೊಂಡು ತಂದೆ. ಬಿಸಿಲಿನಲ್ಲಿ ಓಡಾಡಿಸುವ ಯಾವುದೋ ವ್ಯಾಯಾಮವಿರಬೇಕು, ಈ ವಯಸ್ಸಿಗೆ ಒಳ್ಳೆಯದೇ ಎಂದುಕೊಂಡಿದ್ದೆ. (ಸೊಂಟದ ಸುತ್ತಳತೆಯ ವಿಷಯ ನಾನಾಗಿ ಎತ್ತಲಿಲ್ಲ. ಸಂಸಾರ ನನಗೆ ಅಷ್ಟಾದರೂ ಕಲಿಸಿದೆ.)

ಅವಳು ಟೋಪಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ರೀ, ಇದು ಹ್ಯಾಕಿಂಗ್ ಕಲಿಸೋ ತರಗತಿ. ಕಳ್ಳರ ಥರಾನೇ ಕಂಪ್ಯೂಟರ್ ಒಳಗೆ ನುಗ್ಗೋದು, ಆದ್ರೆ ಕದಿಯಲ್ಲ. ಎಲ್ಲೆಲ್ಲಿ ತೂತಿದೆ ಅಂತ ಮಾಲೀಕರಿಗೆ ಹೇಳೋದು. ಅಂಥವರನ್ನ ಬಿಳಿ ಟೋಪಿ ಅಂತಾರೆ. ಕದಿಯೋರು ಕರಿ ಟೋಪಿ.”

“ಅಂತೂ ಟೋಪಿ ಹಾಕೋದನ್ನೇ ಕಲಿಸ್ತಾರೆ ಅನ್ನು.”

“ಹಾಕಿಸ್ಕೊಳ್ಳದೆ ಇರೋದನ್ನ. ನೀವೂ ಸೇರಬಹುದು.”

ಅವಳು ಶಾಲೆಯೊಂದರಲ್ಲಿ ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕಿ. ಮಕ್ಕಳು ಕಿತ್ತ ವೈರು ಸಿಕ್ಕಿಸುವುದರಲ್ಲಿ, ಕೀಬೋರ್ಡಿನಿಂದ ಬಿಸ್ಕತ್ತಿನ ಪುಡಿ ಕೊಡವುವುದರಲ್ಲಿ ಅವಳ ವರ್ಷಗಳು ಕಳೆದಿದ್ದವು. ಈಗ ಶಾಲೆಗೆ ನೆಟ್‌ವರ್ಕಿನ ಭದ್ರತೆ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ತರಬೇತಿಯಲ್ಲಿ ಪಾಸಾದರೆ ಆ ಕುರ್ಚಿ ಇವಳಿಗೆ, ಇಲ್ಲವಾದರೆ ಹೊರಗಿನಿಂದ ಬರುವ ಯಾವನೋ ಟೈ ಕಟ್ಟಿದವನಿಗೆ. ಅವಳಿಗೆ ಆ ಕುರ್ಚಿ ಎಷ್ಟು ಬೇಕಾಗಿತ್ತೆಂದರೆ, ಒಲೆಯ ಮುಂದೆ ನಿಂತು ಪಾಠ ಗಟ್ಟಿ ಮಾಡುತ್ತಾ ಹಾಲು ಉಕ್ಕುವುದನ್ನು ಕಣ್ಣಾರೆ ನೋಡಿದರೂ ಅವಳಿಗೆ ಅದು ಕಾಣುತ್ತಿರಲಿಲ್ಲ. ಒರೆಸುವ ಭಾಗ್ಯ ನನ್ನದಾಗಿತ್ತು.

ಕೊನೆಗೆ ಪರೀಕ್ಷೆ ಬಂತು. ಯಾವುದಾದರೂ ಒಂದು ನೆಟ್‌ವರ್ಕಿಗೆ ಅದರ ಮಾಲೀಕರ ಒಪ್ಪಿಗೆ ಪಡೆದು ನುಗ್ಗಬೇಕು, ನುಗ್ಗಿದ್ದಕ್ಕೆ ಒಳಗೊಂದು ಗುರುತು ಬಿಡಬೇಕು, ನುಗ್ಗಿದ ದಾರಿಯನ್ನು ವರದಿ ಮಾಡಬೇಕು. ಒಪ್ಪಿಗೆಯಿಲ್ಲದೆ ಹೊಸಿಲು ದಾಟುವಂತಿಲ್ಲ. ಎಂಥ ಮರ್ಯಾದಸ್ಥ ಕಳ್ಳತನ!

“ನಮ್ಮನೇದನ್ನೇ ತಗೋತೀನಿ. ಮಾಲೀಕರು ನೀವು. ಒಪ್ಪಿಗೇನಾ?”

ಮಾಲೀಕರು! ಈ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ನನ್ನ ಎದೆ ಅಂಗಿಯ ಗುಂಡಿಗಳಿಗೆ ತೊಂದರೆ ಕೊಡುವಷ್ಟು ಉಬ್ಬಿತು.

“ಒಪ್ಪಿದೆ. ಬಾಗಿಲಿಂದ ಬಾ, ಕಿಟಕಿಯಿಂದ ಬಾ, ನನ್ನ ಕೋಟೆ ಅಲ್ಲಾಡಲ್ಲ.”

“ಯಂತ್ರ ಬಿಟ್ಟು ಮನುಷ್ಯರನ್ನ ಮಾತಲ್ಲಿ ಬೀಳಿಸೋದೂ ನಮ್ಮ ಪಾಠದಲ್ಲಿದೆ. ಅದಕ್ಕೂ ಒಪ್ಪಿಗೇನಾ?”

“ನನ್ನನ್ನ? ಮಾತಲ್ಲಿ? ಮಾತು ನನ್ನ ಕಸುಬು ಕಣೇ!”

ನಾನು ಹಾಸ್ಯ ಲೇಖಕ. (ಇದು ನನ್ನ ಅಭಿಪ್ರಾಯ; ಸಂಪಾದಕರು ಇನ್ನೂ ಯೋಚಿಸುತ್ತಿದ್ದಾರೆ.) ನನ್ನ ಬಳಿ ಯಾರೂ ಅಚ್ಚು ಹಾಕದ, ಯಾರೂ ಓದದ ಕಾದಂಬರಿಯೊಂದಿದೆ. ಅದರ ಮೊದಲ ವಾಕ್ಯವನ್ನೇ ಮನೆಯ ವೈಫೈಗೂ ಅದರ ಡಬ್ಬಿಯ ಒಳಗಿನ ಸೆಟ್ಟಿಂಗಿಗೂ ಪಾಸ್‌ವರ್ಡಾಗಿ ಇಟ್ಟೆ: ಅಂದು ಆಕಾಶಕ್ಕೆ ಆಕಳಿಕೆ ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲೂ ಜಾಗ ಬಿಡದೆ. ಜಗತ್ತಿನ ಯಾವ ಹ್ಯಾಕರನಿಗೂ ಹೊಳೆಯದ ವಾಕ್ಯ. ಎಷ್ಟೋ ಪ್ರಕಾಶಕರಿಗೇ ಹೊಳೆದಿರಲಿಲ್ಲ.

ಮರುದಿನದಿಂದ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಇಂಟರ್ನೆಟ್ ಇಲ್ಲ. ಮಗಳು ಪಕ್ಕದ ಮನೆಯವರನ್ನು ಕಾಡಿಬೇಡಿ ಅವರ ಮೆಟ್ಟಿಲ ಮೇಲೆ ಕೂತು ಓದತೊಡಗಿದಳು.

“ಅಪ್ಪಾ, ಅಮ್ಮ ಫೇಲಾದ್ರೆ ನಿಂಗೇನು ಸಿಗತ್ತೆ?”

“ಇದು ತತ್ವದ ಪ್ರಶ್ನೆ ಪುಟ್ಟಿ.”

“ನಿನ್ನ ತತ್ವ ಇಂಟರ್ನೆಟ್ ಇಲ್ದೆ ಬದುಕತ್ತೆ. ನಾನು ಬದುಕಲ್ಲ.”

ಹೆಂಡತಿ ನನ್ನ ಹುಟ್ಟಿದ ದಿನ ಹಾಕಿ ನೋಡಿದಳು, ನನ್ನ ಹಳೇ ಸ್ಕೂಟರಿನ ನಂಬರು ಹಾಕಿ ನೋಡಿದಳು. “ಮದುವೆ ದಿನ ಹಾಕಿ ನೋಡಲ್ವಾ?” ಎಂದು ಕೆಣಕಿದೆ. “ಅದು ನಿಮಗೆ ನೆನಪಿದ್ರೆ ತಾನೇ?” ಎಂದಳು. ವರದಿ ಒಪ್ಪಿಸುವ ದಿನ ಹತ್ತಿರವಾದಂತೆ ಅವಳ ಮುಖ ಇಳಿಯಿತು. ಮಾತು ಕಡಿಮೆಯಾಯಿತು. ನನಗೆ ಪಾಪ ಅನ್ನಿಸಿತು ನಿಜ. ಆದರೆ ಕೋಟೆಯ ದೊರೆಗಳು ಪಾಪ ಪಾಪ ಎನ್ನುತ್ತಾ ಕೂತರೆ ಇತಿಹಾಸ ನಡೆಯುವುದು ಹೇಗೆ?

ಆ ಹೊತ್ತಿಗೆ ಸರಿಯಾಗಿ ನನಗೊಂದು ಫೋನ್ ಬಂತು. ಗಂಭೀರವಾದ, ಸಂಸ್ಕಾರವಂತ ಗಂಡುದನಿ.

“ನಮಸ್ಕಾರ ಸಾರ್. ನಾನು ನಿಮ್ಮ ಅಭಿಮಾನಿ.”

ಕುರ್ಚಿಯಿಂದ ಎದ್ದು ನಿಂತೆ. ಅಭಿಮಾನಿ! ಇಷ್ಟು ವರ್ಷ ಬರೆದದ್ದಕ್ಕೆ ಬಂದ ಫೋನುಗಳೆಲ್ಲ ರಾಂಗ್ ನಂಬರುಗಳೇ.

“ನಿಮ್ಮಂಥವರು ಬರೀ ಹಾಸ್ಯ ಬರೆದು ಬಿಡೋರಲ್ಲ ಸಾರ್. ಎಲ್ಲೋ ಒಂದು ದೊಡ್ಡ ಕೃತಿ ಬಚ್ಚಿಟ್ಟಿರ್ತೀರಿ. ಹೌದೋ ಅಲ್ವೋ?”

ನನ್ನ ಕಣ್ಣು ಮಂಜಾಯಿತು. ಎಂಥ ಒಳನೋಟ! ಕಾದಂಬರಿಯ ವಿಷಯ ಹೇಳಿದೆ. ಒಂದೇ ಒಂದು ಸಾಲು ಕೇಳಿಸಿ ಎಂದು ಅಂಗಲಾಚಿದರು. ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ: “ಅಂದು ಆಕಾಶಕ್ಕೆ ಆಕಳಿಕೆ ಬಂದಿತ್ತು.”

 ಆ ಕಡೆಯಿಂದ ಒಂದು ನಿಟ್ಟುಸಿರು.

“ಸಾರ್, ಇದನ್ನ ಬರ್ಕೋಬಹುದಾ? ನನ್ನ ಮೊಮ್ಮಗನಿಗೆ ಕನ್ನಡ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರ್ದು ಕೊಡ್ತೀನಿ. ಆಕಾಶಕ್ಕೆ ಶುರುನಲ್ಲಿ ಒಂದು ಎ ಸಾಕಾ?”

“ಒಂದು ಎ ಹಾಕಿದ್ರೆ ಅದು ಅಕಾಶ ಆಗತ್ತೆ ಸ್ವಾಮೀ! ಆಕಾಶ ವಿಶಾಲವಾದದ್ದು. ಎರಡು ಎ ಹಾಕಿ. ‘ಕಾ’ಗೂ ಎರಡು.”

“ಆಕಳಿಕೆಗೆ?”

“ಮೊದಲಿಗೆ ಎರಡು. ಬಾಯಿ ಪೂರ್ತಿ ತೆರೀಬೇಕಲ್ಲ!”

ಇಬ್ಬರೂ ನಕ್ಕೆವು. ಒತ್ತಕ್ಷರಗಳನ್ನೂ ಒಂದೊಂದಾಗಿ ಬಿಡಿಸಿ ಹೇಳಿ, ಅವರಿಂದ ಮತ್ತೆ ಓದಿಸಿ, ಒಂದು ತಪ್ಪನ್ನು ನಾನೇ ತಿದ್ದಿ ಫೋನ್ ಇಟ್ಟೆ. ಆ ಸಂಜೆ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ನೆಲ ಸಿಕ್ಕಿದ್ದು ಮಗಳು ಕೂಗಿದಾಗ. “ಅಪ್ಪಾ, ನಮ್ಮನೆ ವೈಫೈ ಹೆಸರು ನೋಡು!” ನನ್ನ ಫೋನಿನಲ್ಲಿ ಮನೆಯ ನೆಟ್‌ವರ್ಕಿನ ಹೆಸರು ಬದಲಾಗಿತ್ತು: ‘ಆಕಾಶ ಈಗ ಎಚ್ಚರವಾಗಿದೆ.’

ಹೆಂಡತಿ ಕೋಣೆಯಿಂದ ವರದಿ ಹಿಡಿದುಕೊಂಡು ಬಂದಳು. ಇಳಿದಿದ್ದ ಮುಖ ದೀಪ ಹಚ್ಚಿದಂತಿತ್ತು.

“ನಿಮಗೆ ಓದಿ ಹೇಳಬೇಕು, ಮಾಲೀಕರಲ್ವಾ? ಕೇಳಿ. ‘ಯಂತ್ರದಲ್ಲಿ ದೋಷ ಕಂಡುಬರಲಿಲ್ಲ. ಪಾಸ್‌ವರ್ಡ್ ಬಹಳ ಗಟ್ಟಿ. ಮಾಲೀಕರಲ್ಲಿ ಒಂದು ತೂತಿದೆ. ಅಲ್ಲಿ ಹೊಗಳಿಕೆ ಒಳಗೆ ಹೋದರೆ ಗುಟ್ಟು ಹೊರಗೆ ಬರುತ್ತದೆ. ಪರಿಹಾರ: ಇನ್ನೂ ಕಂಡುಹಿಡಿದಿಲ್ಲ.’”

“ಅವರು... ಆ ಅಭಿಮಾನಿ...”

“ನಮ್ಮ ತರಗತಿಯವರು. ವಿಮೆ ಕಂಪನಿಯಲ್ಲಿ ಗುಮಾಸ್ತರು.”

“ಅದೇ ವಾಕ್ಯ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಯಾರಿಗೂ ಗೊತ್ತಿರದಂಥದ್ದು ನಿಮ್ಮ ಹತ್ರ ಇರೋದು ನಿಮ್ಮ ಬರಹ ಮಾತ್ರ. ಅದು ಹೊಳೆಯೋಕೆ ಇಷ್ಟು ದಿನ ಹಿಡೀತಲ್ಲ ಅಂತ ನನಗೇ ನಾಚಿಕೆ. ಸಾಲು ಯಾವುದು, ಎ ಎಷ್ಟು ಅನ್ನೋದಷ್ಟೇ ಬೇಕಿತ್ತು.”

ಅವಳು ಪಾಸಾದಳು. ಕುರ್ಚಿಯೂ ಸಿಕ್ಕಿತು. ತರಬೇತುದಾರರು ಆ ವರದಿಯನ್ನು ಮುಂದಿನ ತಂಡಗಳಿಗೆ ಪಾಠವಾಗಿ ಇಟ್ಟುಕೊಂಡಿದ್ದಾರಂತೆ. ಹೀಗೆ ನನ್ನ ಕಾದಂಬರಿಯ ಒಂದು ಸಾಲಾದರೂ ಪಠ್ಯವಾಯಿತು. ಹೆಂಡತಿ ಹೊಸ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

“ಅಲ್ವೇ, ಎಲ್ಲ ನಾಟಕವೇ ಇರಲಿ. ಆ ಗುಮಾಸ್ತರು ನನ್ನ ಲೇಖನ ಒಂದನ್ನಾದ್ರೂ ಓದಿದ್ದಾರಾ?”

“ಓದಿದ್ರೆ ಫೋನ್ ಮಾಡ್ತಿದ್ರಾ?”