ಆರು ಅಜ್ಜಿಯರ ಯೀಸ್ಟ್

"ವಿಜ್ಞಾನ ಪುಸ್ತಕದಲ್ಲಿಲ್ಲ, ಅಜ್ಜಿಯರ ಅಡುಗೆಮನೆಯಲ್ಲಿದೆ" ಎಂದು ಶಿಶುವಿಹಾರದ ಮೇಷ್ಟ್ರು ಸಭೆಯಲ್ಲಿ ಎದೆ ತಟ್ಟಿ ಹೇಳಿಬಿಟ್ಟರು.

"ಹಾಗಾದ್ರೆ ಶನಿವಾರ ನಿಮ್ಮ ಅಡುಗೆಮನೆಗೇ ಬಂದು ನೋಡ್ತೀನಿ. ಹಿಡಿಸದಿದ್ರೆ ಮತ್ತೆ ಹಳೇ ಪುಸ್ತಕವೇ" ಎಂದರು ಹೆಡ್‌ಮಿಸ್. ತಟ್ಟಿದ ಎದೆ ಅಲ್ಲೇ ಡವಗುಟ್ಟತೊಡಗಿತು.

ಶನಿವಾರ ಮೇಷ್ಟ್ರ ಮನೆಗೆ ಆರು ಮಕ್ಕಳು ಬಂದರು. ಬ್ರೆಡ್ಡಿನ ಹಿಟ್ಟು ಉಬ್ಬಲು ಎಷ್ಟು ಯೀಸ್ಟ್ ಬೇಕೆಂದು ಅಜ್ಜಿಯನ್ನು ಕೇಳಿ, ಉತ್ತರವನ್ನು ಮನೆಮಾತಿನಲ್ಲೂ ಶಾಲೆಯ ಭಾಷೆಯಲ್ಲೂ ಹೇಳಬೇಕೆಂಬುದು ಅವರ ಹೋಂವರ್ಕ್.

ಮೊದಲು ಪುಟ್ಟಿ ಮನೆಮಾತಿನಲ್ಲಿ ಒಂದು ಚಮಚ ಎಂದಳು. ಮೇಷ್ಟ್ರು ಹಿಟ್ಟಿಗೆ ಹಾಕಿದರು. ಆಮೇಲೆ ಅದನ್ನೇ ಶಾಲೆಯ ಭಾಷೆಯಲ್ಲಿ ಹೇಳಿದಳು. ಮೇಷ್ಟ್ರ ಕೈ ಡಬ್ಬಿಯ ಮೇಲೆ ನಿಂತುಬಿಟ್ಟಿತು. ಎರಡು ಭಾಷೆಗೂ ಸಮಾನ ಗೌರವ ಎಂದು ಭಾಷಣ ಬಿಗಿದವರು ಯಾರು? ತಾವೇ ತಾನೆ! ಇನ್ನೊಂದು ಚಮಚ ಹಾಕಿದರು. ಒಬ್ಬ ಅಜ್ಜಿಯ ಮಾತು ಕೇಳಿ ಇನ್ನೊಬ್ಬರದನ್ನು ಬಿಟ್ಟರೆ ಮನಸ್ತಾಪವೆಂದು ಆರೂ ಅಜ್ಜಿಯರದನ್ನು ಹಾಗೆಯೇ ಹಾಕುತ್ತ ಹೋದರು.

ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ್ದ ಅತ್ತೆ ಮೂಲೆಯಿಂದ ಕೇಳಿದರು, "ಅಳಿಯಂದ್ರೇ, ಇದು ಎಷ್ಟನೇ ಚಮಚ?"

"ನೀವು ಸುಮ್ನಿರಿ ಅತ್ತೆ. ಇದು ಸಮುದಾಯದ ಜ್ಞಾನ."

"ಸರಿ. ಸಮುದಾಯವನ್ನೇ ಕರೀರಿ, ತಿನ್ನೋಕೆ."

ಹಿಟ್ಟನ್ನು ನಾದಿ, ಪಾತ್ರೆಯಲ್ಲಿ ಮುಚ್ಚಿ, ಒಲೆಯ ಪಕ್ಕ ಬೆಚ್ಚಗಿಟ್ಟರು. ಅಷ್ಟರಲ್ಲಿ ಅತ್ತೆ ಪುಟ್ಟಿಯನ್ನು ಮೂಲೆಗೆ ಕರೆದು, ಚಮಚ ತೋರಿಸಿ ಕಿವಿಯಲ್ಲಿ ಏನೋ ಹೇಳಿದರು. ಮುಕ್ಕಾಲು ಗಂಟೆಯಲ್ಲಿ ಮುಚ್ಚಳ ಮೇಲೆದ್ದಿತು. ಮೇಷ್ಟ್ರು ಒತ್ತಿದರು, ಹಿಟ್ಟು ಪಕ್ಕದಿಂದ ಹೊರಬಂತು. ಪಕ್ಕ ಒತ್ತಿದರು, ಮುಂದಿನಿಂದ ಬಂತು.

"ಏನ್ರೀ, ಹಿಟ್ಟು ನನ್ನ ಚಪ್ಪಲಿ ಹತ್ರ ಬಂತು!" ಎಂದಳು ಹೆಂಡತಿ.

ಏನೂ ತೋಚದೆ ಮೇಷ್ಟ್ರು ಕೈಗೆ ಸಿಕ್ಕ ಭಾರದ ವಸ್ತುವನ್ನು ಮುಚ್ಚಳದ ಮೇಲೆ ಹೇರಿದರು. ಅದು ಆ ಹಳೇ ವಿಜ್ಞಾನ ಪುಸ್ತಕ. ಹೆಡ್‌ಮಿಸ್ ಒಳಗೆ ಬರುವುದಕ್ಕೂ ಪುಸ್ತಕ ನಿಧಾನವಾಗಿ ಮೇಲೇರಿ, ವಾಲಿ, ಹಿಟ್ಟಿನೊಳಗೆ ಮುಳುಗುವುದಕ್ಕೂ ಸರಿಹೋಯಿತು.

ಹೆಡ್‌ಮಿಸ್ ಸೀರೆಯ ನೆರಿಗೆ ಎತ್ತಿ ಹಿಟ್ಟನ್ನು ದಾಟಿದರು. ನಂತರ ಪುಟ್ಟಿಯ ಕಡೆ ತಿರುಗಿ, "ಇವತ್ತು ಏನು ಕಲಿತೆ ಮರೀ?" ಎಂದರು.

"ಎರಡು ಭಾಷೇಲಿ ಹೇಳಿದ್ರೂ ಒಂದು ಚಮಚ ಒಂದೇ ಚಮಚ, ಮಿಸ್."

"ಯಾರು ಹೇಳಿಕೊಟ್ರು?"

ಪುಟ್ಟಿಯ ಬೆರಳು ಮೇಷ್ಟ್ರನ್ನು ದಾಟಿ ಮೂಲೆಯಲ್ಲಿದ್ದ ಅತ್ತೆಯನ್ನು ತೋರಿಸಿತು.

"ಪಾಠ ಮುಂದುವರೀಲಿ" ಎಂದರು ಹೆಡ್‌ಮಿಸ್. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಸೋಮವಾರದಿಂದ ಈ ಅಮ್ಮನೇ ಬಂದು ಹೇಳಿಕೊಡಲಿ."

"ಮತ್ತೆ ನಾನು, ಮೇಡಂ?"

ಅತ್ತೆ ಎದ್ದು ಬಂದು ಅಳಿಯನ ಕೈಗೆ ಒದ್ದೆ ಬಟ್ಟೆ ಕೊಟ್ಟರು.

"ನೆಲ ಒರೆಸಿ, ಅಳಿಯಂದ್ರೇ. ಒಂದೇ ಭಾಷೇಲಿ ಹೇಳ್ತಿದ್ದೀನಿ, ಒಂದೇ ಸಲ ಒರೆಸಿದ್ರೆ ಸಾಕು."