ಇಸ್ತ್ರಿಯಣ್ಣನ ಪ್ರಾರ್ಥನೆ

ಒಳಕೋಣೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದ ಇಸ್ತ್ರಿಯಣ್ಣ ಮೊದಲ ಬಿಳಿ ನಿಲುವಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದ. ಸುಕ್ಕು ಅಲ್ಲಾಡಲಿಲ್ಲ. ಪೆಟ್ಟಿಗೆಯ ತಳ ಮುಟ್ಟಿ ನೋಡಿದ. ಮಾವನ ಮನೆಯಲ್ಲಿ ಮೂರನೇ ದಿನ ಸಿಗುವ ಮರ್ಯಾದೆಯ ಹಾಗೆ ತಣ್ಣಗಿತ್ತು.

ಇಪ್ಪತ್ತು ನಿಲುವಂಗಿಗಳು, ಚರ್ಚಿನ ಗಾಯಕರವು. ನಾಳೆ ಬೆಳಿಗ್ಗೆ ಅವರು ತೊಟ್ಟು ಹಾಡಬೇಕು. ಸಂಜೆ ಐದಕ್ಕೆ ಹಾಡಿನ ಮೇಷ್ಟ್ರು ಬರುತ್ತಾರೆ. "ಈ ಸಲಾನೂ ತಡ ಆದ್ರೆ ಇನ್ಮೇಲೆ ಮೆಷಿನ್ ಲಾಂಡ್ರಿಗೇ ಕೊಡ್ತೀನಿ" ಎಂದು ಹೇಳಿಯೇ ಹೋಗಿದ್ದರು. ಚರ್ಚಿನ ಬಟ್ಟೆ ತಪ್ಪಿದರೆ ಈ ಮನೆಯ ಒಲೆ ವಾರಕ್ಕೆ ಮೂರು ದಿನ ರಜೆ ಹಾಕುತ್ತಿತ್ತು.

"ಪಕ್ಕದ ನರ್ಸಮ್ಮನ್ನ ಕೇಳಿ, ಅವರ ಪೆಟ್ಟಿಗೆ ಕೊಡ್ತಾರೆ" ಎಂದಳು ಹೆಂಡತಿ.

"ಮನುಷ್ಯರ ಮುಂದೆ ಕೈ ಚಾಚೋನಲ್ಲ ನಾನು. ಹಕ್ಕಿಗೆ ಕಾಳು ಕೊಡೋನು ನನಗೊಂದು ಪೆಟ್ಟಿಗೆ ಕೊಡಲ್ವಾ?"

"ಹಕ್ಕಿ ಗೂಡಲ್ಲೇ ಕೂತಿರಲ್ಲ ಕಣ್ರೀ, ಕಾಳು ಹುಡುಕ್ಕೊಂಡು ಹೋಗುತ್ತೆ."

ಇಸ್ತ್ರಿಯಣ್ಣ ಒಳಕೋಣೆಗೆ ಹೋಗಿ, ಮಂಚದ ಪಕ್ಕದ ಮಾಮೂಲಿ ಜಾಗದಲ್ಲಿ ಮೊಣಕಾಲೂರಿ, ಕಣ್ಣು ಬಿಗಿಯಾಗಿ ಮುಚ್ಚಿದ. "ಕರ್ತನೇ! ಒಂದು ಇಸ್ತ್ರಿಪೆಟ್ಟಿಗೆ! ಮಧ್ಯಾಹ್ನದೊಳಗೆ!"

"ಮೆಲ್ಲಗೆ ಹೇಳಿ. ದೇವರ ಕಿವಿ ಚೆನ್ನಾಗೇ ಇದೆ."

ಗೋಡೆಯ ಕಿವಿ ಇನ್ನೂ ಚೆನ್ನಾಗಿತ್ತು. ಅರ್ಧ ಗಂಟೆಯೊಳಗೆ ಬಾಗಿಲ ಮುಂದೆ, ಟವೆಲಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ. ಇಟ್ಟವರ ಸುಳಿವಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂದು ಪಾಸ್ಟರು ಕಳೆದ ವಾರ ತಾನೇ ಬೋಧಿಸಿದ್ದರು.

"ಸ್ತೋತ್ರ!" ಎನ್ನುತ್ತ ಇಸ್ತ್ರಿಯಣ್ಣ ಅದನ್ನು ಮೇಜಿನ ಮೇಲಿನ ಬೋರ್ಡಿಗೆ ಸಿಕ್ಕಿಸಿದ. ಹತ್ತು ನಿಮಿಷ ಕಾದ. ತಣ್ಣಗೇ ಇತ್ತು. ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು, ಅಂದರೆ ಕರೆಂಟಿಗೇನೂ ಧಾಡಿಯಿಲ್ಲ.

ಮತ್ತೆ ಒಳಗೆ ಹೋದ, ಮತ್ತೆ ಕೂಗಿದ. ಇನ್ನೊಂದು ಪೆಟ್ಟಿಗೆ ಬಂತು. ಅದೂ ಮಂಜುಗಡ್ಡೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೂರನೆಯದು, ಅದೂ ಅದರ ಅಣ್ಣ. ಇಸ್ತ್ರಿಯಣ್ಣನ ತಾಳ್ಮೆ ಹರಿಯಿತು.

"ಕರ್ತನೇ, ಕೇಳಿದ್ದು ಒಂದು, ಬಂದಿದ್ದು ಮೂರು, ಮೂರೂ ಗುಜರಿ! ಜನ ಮನೆ ಕಸಾನೆಲ್ಲ ನಿನ್ನ ಹೆಸರಲ್ಲಿ ನನ್ನ ಬಾಗಿಲಿಗೆ ಎಸೀತಿದ್ದಾರಲ್ಲ!"

ಗೋಡೆಗೆ ಬಾಯಿಯೂ ಇತ್ತು. "ಯಾವುದಯ್ಯಾ ಗುಜರಿ? ಬೆಳಿಗ್ಗೆ ಅದ್ರಲ್ಲೇ ನನ್ನ ಯೂನಿಫಾರಂ ಉಜ್ಜಿದ್ದೀನಿ!" ಎಂದಳು ನರ್ಸಮ್ಮ. ಎಡಗೈಗಷ್ಟೇ ಅಲ್ಲ, ಇಡೀ ಕಟ್ಟಡಕ್ಕೇ ಗೊತ್ತಾಯಿತು. ಮಹಡಿಯ ಡ್ರೈವರ್ ಮಾವ, ಎದುರುಮನೆಯ ಅಜ್ಜಿ ಕೂಡ ಓಡಿ ಬಂದರು. ಮೂವರೂ ತಂತಮ್ಮ ಪೆಟ್ಟಿಗೆ ಅದೇ ಬೋರ್ಡಿಗೆ ಸಿಕ್ಕಿಸಿ ನೋಡಿದರು. ಮೂರೂ ತಣ್ಣಗೆ.

"ಅಯ್ಯೋ, ಕೆಡಿಸಿಬಿಟ್ಯಲ್ಲೋ!" ಎಂದಳು ಅಜ್ಜಿ.

"ಒಂದೇ ದಿನಕ್ಕೆ ಮೂರು ಪೆಟ್ಟಿಗೆ ಕೊಂದ್ಯಲ್ಲಪ್ಪ. ಅದೇನು ಕೈಯೋ, ಸಿಡಿಲೋ?" ಎಂದ ಡ್ರೈವರ್ ಮಾವ.

ಗಂಟೆ ಮೂರೂಮುಕ್ಕಾಲು. ಚರ್ಚಿನ ಬಟ್ಟೆಯಂತೂ ಹೋಯಿತು, ಈಗ ಮೂರು ಮನೆಗೆ ಉತ್ತರ ಬೇರೆ ಹೇಳಬೇಕು. ಇಸ್ತ್ರಿಯಣ್ಣ ಒಳಗೆ ಹೋಗಿ ಕುಸಿದು ಮೊಣಕಾಲೂರಿದ. ಈ ಸಲ ಕೂಗಲಿಲ್ಲ. "ಕರ್ತನೇ" ಎಂದು ಮೆಲ್ಲಗೆ ಶುರು ಮಾಡಿದ.

ಹೆಂಡತಿ ಪೊರಕೆ ಹಿಡಿದು ಬಂದಳು. "ಮೊಣಕಾಲು ಎತ್ತಿ, ಗುಡಿಸ್ಬೇಕು."

"ಈಗ್ಲಾ?"

"ಹೊರಗೆ ಮೂರು ಜನ ಕೂತಿದ್ದಾರೆ, ಮನೆ ನೋಡಿದ್ರೆ ಏನಂದಾರು? ಎತ್ತಿ ಅಂದೆ."

ಎತ್ತಿದ. ಪೊರಕೆಗೆ ಏನೋ ತೊಡರಿತು. ಎಳೆದರೆ ಒಂದು ಕಪ್ಪು ಪ್ಲಗ್ಗು! ಮೇಜಿನ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹೊಸಿಲು ದಾಟಿ ಬಂದ ಉದ್ದನೆಯ ವೈರಿನ ತುದಿ. ಮಂಚದ ಪಕ್ಕದ ಗೋಡೆಯಲ್ಲಿರಬೇಕಾಗಿದ್ದ ಅದು ಬೆಳಿಗ್ಗೆಯಿಂದ ನೆಲದ ಮೇಲಿತ್ತು.

"ದೇವರು ಬೆಳಿಗ್ಗೇನೇ ಕೊಟ್ಟಿದ್ದ ಕಣ್ರೀ. ನಿಮ್ಮ ಮೊಣಕಾಲೇ ಒದ್ದು ಕೆಡವಿದೆ."

ಸಿಕ್ಕಿಸಿದ ಕೂಡಲೇ ಮೇಜಿನ ಮೇಲಿನ ಪೆಟ್ಟಿಗೆಯ ಕೆಂಪು ದೀಪ ಕಣ್ಣು ಬಿಟ್ಟಿತು. ಮೊದಲು ಅಜ್ಜಿ ನಕ್ಕಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ನರ್ಸಮ್ಮ ಹರವಿದಳು, ಇಸ್ತ್ರಿಯಣ್ಣ ಉಜ್ಜಿದ, ಡ್ರೈವರ್ ಮಾವ ಮಡಚಿದ, ಅಜ್ಜಿ ತಪ್ಪು ಹುಡುಕಿದಳು. ಐದಕ್ಕೆ ಐದು ನಿಮಿಷವಿರುವಾಗ ಇಪ್ಪತ್ತೂ ಮುಗಿದಿದ್ದವು.

"ಪರವಾಗಿಲ್ವೇ! ಮುಂದಿನ ತಿಂಗಳೂ ನೀನೇ ಮಾಡು" ಎಂದು ಹಾಡಿನ ಮೇಷ್ಟ್ರು ಗಂಟು ಹೊತ್ತುಕೊಂಡು ಹೋದರು. ಇಸ್ತ್ರಿಯಣ್ಣನ ಎದೆಯ ಮೇಲಿದ್ದ ಬಂಡೆಯೂ ಅವರ ಹಿಂದೆಯೇ ಹೋಯಿತು.

ಉಸ್ಸೆಂದು ಕೂರಬೇಕು, ಬಾಗಿಲಲ್ಲಿ ನರ್ಸಮ್ಮ. ತಲೆಯ ಮೇಲೊಂದು ಮೂಟೆ. "ಪೆಟ್ಟಿಗೆ ಇಡೀ ದಿನ ನಿನ್ನ ಹತ್ರಾನೇ ಇತ್ತಲ್ಲ, ನಮ್ಮನೆ ಬಟ್ಟೆ ಹಾಗೇ ಉಳ್ಕೊಂಡಿದೆ." ಹಿಂದೆ ಡ್ರೈವರ್ ಮಾವ, ಎರಡು ಮೂಟೆ. ಅವನ ಹಿಂದೆ ಅಜ್ಜಿ, ಮೊಮ್ಮಕ್ಕಳ ಸಮೇತ ಏಳು ಜನರ ಬಟ್ಟೆ. ಗುಜರಿ ಎಂದು ಬೈದ ಬಾಯಲ್ಲಿ ಕೂಲಿ ಕೇಳುವುದು ಹೇಗೆ?

"ಒಂದು ನಿಮಿಷ, ಸ್ತೋತ್ರ ಹೇಳಿ ಬರ್ತೀನಿ" ಎಂದು ಇಸ್ತ್ರಿಯಣ್ಣ ಒಳಗೆ ಹೋದ. ಮನಸಾರೆ ಸ್ತೋತ್ರ ಹೇಳಿದ, ಅದರಲ್ಲಿ ಮೋಸವಿರಲಿಲ್ಲ. ಈ ಸಲ ಕಣ್ಣು ಬಿಟ್ಟುಕೊಂಡೇ ಹೇಳಿದ. ಎದುರಿಗೆ ಗೋಡೆಯ ಪ್ಲಗ್ಗು, ಬಾಗಿಲ ಸಂದಿಯಲ್ಲಿ ನಾಲ್ಕು ಮೂಟೆ. ಬಲ ಮೊಣಕಾಲು ತಾನಾಗಿಯೇ ಗೋಡೆಯ ಕಡೆ ಒಂದಿಷ್ಟು ಸರಿಯಿತು. ಟಕ್ ಎಂದಿತು.

"ಅಯ್ಯೋ, ಪೆಟ್ಟಿಗೆ ದೀಪ ಆರಿಹೋಯ್ತಲ್ಲೋ!" ಹೊರಗಿಂದ ಅಜ್ಜಿಯ ಕೂಗು.

"ದೇವರ ಚಿತ್ತ ಅಜ್ಜೀ, ಇವತ್ತಿಗೆ ಇಷ್ಟೇ ಅಂತ ಕಾಣುತ್ತೆ" ಎಂದ ಇಸ್ತ್ರಿಯಣ್ಣ, ಆದಷ್ಟು ದುಃಖದಿಂದ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪೊರಕೆ.

"ಮೊಣಕಾಲು ಎತ್ತಿ."